ಹಳೇ ವಾಚು ಕೊಳ್ಳುವ ಮುಂಚೆ ಟಾರ್ಚ್ ಹಿಡಿದು ನೋಡಿ
ಹಳೆಯ ದುಬಾರಿ ವಾಚು ಕೊಳ್ಳುವ ಆಸೆ ಇರುವವರಿಗೆ ಒಂದು ಮಾತು. ಮೊದಲು ಡಯಲ್ ನೋಡಿ. ಬೆಲೆಯ ದೊಡ್ಡ ಪಾಲು ಅಲ್ಲೇ ಇರುತ್ತದೆ.

1960ರ ದಶಕದಿಂದ 1990ರ ದಶಕದ ತನಕ ಬಹಳಷ್ಟು ಸ್ವಿಸ್ ವಾಚುಗಳಲ್ಲಿ ಕತ್ತಲಲ್ಲಿ ಬೆಳಗುವ ಬಣ್ಣಕ್ಕೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬಳಸುತ್ತಿದ್ದರು. ಡಯಲಿನಲ್ಲಿ 6ರ ಕೆಳಗೆ ‘ಸ್ವಿಸ್’ ಪದದ ಅಕ್ಕಪಕ್ಕ ‘ಟಿ’ ಅಕ್ಷರ ಇದ್ದರೆ ಅದೇ ಗುರುತು. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 1970ರ ವಾಚು ಈಗ ತಾನಾಗಿ ಬೆಳಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಡಯಲ್ ಮೇಲೆ ಟಾರ್ಚ್ ಬೆಳಕು ಬಿಟ್ಟು ಆರಿಸಿ. ಹೊಳಪು ಬೇಗ ಮಾಯವಾದರೆ ಹಳೇ ಬಣ್ಣವೇ ಉಳಿದಿದೆ ಅನ್ನುವುದಕ್ಕೆ ಒಳ್ಳೆಯ ಲಕ್ಷಣ. ತುಂಬಾ ಹೊತ್ತು ಜೋರಾಗಿ ಹೊಳೆದರೆ ಯಾರೋ ಹೊಸದಾಗಿ ಬಣ್ಣ ಹಚ್ಚಿರಬಹುದು. ಮುಳ್ಳು ಮಾತ್ರ ಹೊಳೆದರೆ ಮುಳ್ಳು ಬದಲಾಗಿರುವ ಸಾಧ್ಯತೆ ಜಾಸ್ತಿ. ಇದು ಮೋಸವೇ ಆಗಬೇಕಿಲ್ಲ, ಸರ್ವಿಸ್‌ನಲ್ಲೂ ಬದಲಾಯಿಸುತ್ತಾರೆ. ಆದರೆ ಬೆಲೆ ಇಳಿಯಬೇಕು ಅಲ್ವಾ?

ಆಮೇಲೆ ಬೆಲ್ಟ್ ಸೇರುವ ಕಡೆಯ ಅಂಚುಗಳನ್ನು ನೋಡಿ. ಪದೇಪದೇ ಪಾಲಿಶ್ ಮಾಡಿದ್ದರೆ ಅವು ಸವೆದು ಗುಂಡಗಾಗಿರುತ್ತವೆ. ಹೋದ ಲೋಹ ವಾಪಸ್ ಬರಲ್ಲ. ನನಗಂತೂ ಗೀರು ಬಿದ್ದು, ಅಂಚು ಚೂಪಾಗಿ ಉಳಿದ ವಾಚೇ ಇಷ್ಟ.

ಸುಮ್ನೆ ‘ಚೆನ್ನಾಗಿ ಓಡ್ತಿದೆ’ ಅಂದರೆ ಒಪ್ಪಬೇಡಿ. ಸರ್ವಿಸ್ ಚೀಟಿ ಕೇಳಿ. ಇಲ್ಲದಿದ್ದರೆ ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚು) ಆದರೆ ಇನ್ನೂ ಜಾಸ್ತಿ ಇಟ್ಟುಕೊಳ್ಳಿ.