ಫಾರ್ಸಿ ಮಾತಾಡೋರಿಗೆ ದೊಡ್ಡ ದೊಡ್ಡ ಇಂಗ್ಲಿಷ್ ಪದ ಕಲಿಸಿದ ನನ್ನ ಅನುಭವ

ಐಇಎಲ್‌ಟಿಎಸ್, ಜಿಆರ್‌ಇ ಅಂತ ಹೊರದೇಶದಲ್ಲಿ ಓದೋಕೆ ಬರೆಯೋ ಪರೀಕ್ಷೆಗಳಿಗೆ ಕೋಚಿಂಗ್ ಮಾಡೋರಿಗೆ ವರ್ಷಕ್ಕೆ ನಾಲ್ಕೈದು ಜನನಾದ್ರೂ ಇರಾನಿ ಅಥವಾ ಅಫ್ಘಾನಿ ಸ್ಟೂಡೆಂಟ್ಸ್ ಸಿಕ್ಕೇ ಸಿಕ್ತಾರೆ, ಅಂಥವರು ಓದ್ಲಿ ಅಂತ ಬರೀತಿದೀನಿ. ನಾನು ಮೈಸೂರಲ್ಲಿ ಇವರಿಗೆ ವೊಕ್ಯಾಬುಲರಿ ಹೇಳಿಕೊಡೋಕೆ ಶುರು ಮಾಡಿ ಹತ್ತು ಹನ್ನೆರಡು ವರ್ಷ ಆಗಿದೆ. ಆಗ ಸರಸ್ವತಿಪುರಂ, ಕುವೆಂಪುನಗರದ ಕಡೆ ಎಷ್ಟೋ ಬಾಡಿಗೆ ಮನೇಲಿ ಇರಾನಿ ಹುಡುಗರೇ ಇರ್ತಿದ್ರು, ಮಾನಸಗಂಗೋತ್ರೀಲಿ ಪಿಎಚ್‌ಡಿ ಮುಗಿಸಿ ಕೆನಡಾಗೋ ಜರ್ಮನಿಗೋ ಹೋಗ್ಬೇಕು ಅನ್ನೋರೇ ಜಾಸ್ತಿ. ನಾನು ಫಾರ್ಸಿ ಕಲಿತು ಅದರ ಮೂಲಕ ಇಂಗ್ಲಿಷ್ ಕಲಿಸ್ತೀನಿ ಅಂದಾಗ ಸೆಂಟರ್ ಓನರ್ ನೇರವಾಗಿ, ಲಿಸ್ಟ್ ಕೊಡಿ ಮೇಡಂ, ಉರು ಹೊಡೀಲಿ, ನಿಮಗ್ಯಾಕೆ ಆ ತಲೆನೋವು ಅಂದ್ರು. ಇಂಗ್ಲಿಷನ್ನ ಇಂಗ್ಲಿಷಲ್ಲೇ ಕಲಿಸ್ಬೇಕು ಅನ್ನೋ ಪಂಗಡದವರು ಇನ್ನೂ ಬಿಸಿಯಾಗಿದ್ರು. ಈಗ ಅವರ ಹತ್ರ ಇರಾನಿ ಸ್ಟೂಡೆಂಟ್ ಬಂದ್ರೆ ನನ್ನ ನಂಬರ್ ಕೊಟ್ಟು ಕಳಿಸ್ತಾರೆ.

ಮೊದ್ಲು ಏನೇನು ಕೈಕೊಡ್ತು ಅಂತ ಹೇಳ್ತೀನಿ. ಇರಾನಿನಿಂದ ಬರೋ ಯಾರನ್ನೇ ಕೇಳಿ, 504 ಪದದ ಆ ಅಮೆರಿಕನ್ ಪುಸ್ತಕ ಮುಗಿಸಿರ್ತಾರೆ, 42 ಪಾಠ, ಪಾಠಕ್ಕೆ 12 ಪದ, ಜೊತೆಗೊಂದು ಲೈಟ್ನರ್ ಬಾಕ್ಸ್, ಅಂದ್ರೆ ಮರೆತ ಪದದ ಕಾರ್ಡನ್ನ ಮತ್ತೆ ಮತ್ತೆ ಎದುರಿಗೆ ತರೋ ಡಬ್ಬ, ಪದದ ಹಿಂದೆ ಒಂದು ಫಾರ್ಸಿ ಅರ್ಥ. ಕೊಂಕೂರ್ ಅಂತಾರಲ್ಲ ಅವರ ಎಂಟ್ರೆನ್ಸ್ ಎಕ್ಸಾಮ್, ಅದರ ತಯಾರಿಯೇ ಹಾಗೆ, ಒಂದು ಪದಕ್ಕೆ ಒಂದು ಅರ್ಥ. ಅಲ್ಲೇ ಇರೋದು ರೋಗ. ಸ್ಟಿಂಜಿಗೂ ಖಸೀಸ್, ಅಂದ್ರೆ ಜಿಪುಣ, ಮೈಸರ್ಲಿಗೂ ಖಸೀಸ್, ಪಾರ್ಸಿಮೋನಿಯಸ್‌ಗೂ ಖಸೀಸ್, ಕೊನೆಗೆ ಫ್ರೂಗಲ್‌ಗೂ ಖಸೀಸ್ ಅಂತ ಬರ್ಕೊಂಡಿರ್ತಾರೆ. ಹಿಡಿತದಲ್ಲಿ ಖರ್ಚು ಮಾಡೋನನ್ನ ನಾವು ಜಿಪುಣ ಅಂತೀವಾ? ಅವರ ಭಾಷೇಲೂ ಅದಕ್ಕೆ ಸರ್ಫೆಜೂ ಅಂತ ಬೇರೆ ಚೆಂದದ ಪದ ಇದೆ, ಕಾರ್ಡಲ್ಲಿ ಮಾತ್ರ ಇರಲ್ಲ. 2011ರಲ್ಲಿ ಜಿಆರ್‌ಇ ಬದಲಾಗಿ ಆಂಟೊನಿಮ್, ಅನಾಲಜಿ ಹೋಗಿ ಸೆಂಟೆನ್ಸ್ ಈಕ್ವಿವಲೆನ್ಸ್ ಬಂದ ಮೇಲೆ, ಆರರಲ್ಲಿ ಒಂದೇ ಭಾವದ ಎರಡು ಆರಿಸ್ಬೇಕಲ್ಲ, ಅಲ್ಲಿ ಈ ಕಾರ್ಡ್ ಮಕ್ಕಳು ಸಾಲಾಗಿ ಬೀಳೋರು.

ಚಿತ್ರದ ಕಾರ್ಡ್ ಮಾಡಿದೆ, ಮೂರು ನಾಲ್ಕು ಸಾವಿರ ಹೋಯ್ತು, ಚಿತ್ರದಿಂದ ಕುರ್ಚಿ ಮೇಜು ಕಲಿಸ್ಬಹುದು, ಈಕ್ವಿವೋಕೇಟ್‌ಗೆ ಯಾವ ಚಿತ್ರ ಹಾಕ್ತೀರಾ? ನ್ಯೂಸ್‌ಪೇಪರ್ ಎಡಿಟೋರಿಯಲ್ ಓದಿಸಿದೆ, ಎರಡು ತಿಂಗಳಲ್ಲಿ ಅರ್ಧ ಕ್ಲಾಸ್ ಖಾಲಿ. ಅಂಕಿ (Anki) ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್ ಹಾಕಿಸಿದೆ, ಆ್ಯಪ್ ಚೆನ್ನಾಗೇ ಇದೆ, ಆದ್ರೆ ಒಳಗೆ ಹಾಕಿದ ಸರಕು ಅದೇ ಹಳೇ ಖಸೀಸ್.

ದಾರಿ ಸಿಕ್ಕಿದ್ದು ಫಾರ್ಸಿ ಓದೋಕೆ ಕಲಿತ ಮೇಲೆ. ಒಂದು ಹಳೇ ಡಿಕ್ಷನರಿ ಕೊಂಡ್ಕೊಂಡು ಪ್ರೆಜುಡಿಸ್ ತೆಗೆದು ನೋಡ್ತೀನಿ, ಪೀಶ್‌ದಾವರಿ ಅಂತಿದೆ. ಪೀಶ್ ಅಂದ್ರೆ ಮುಂಚೆ, ದಾವರಿ ಅಂದ್ರೆ ತೀರ್ಪು. ಪ್ರಿ ಅಂದ್ರೆ ಮುಂಚೆ, ಜುಡಿಸ್ ತೀರ್ಪಿನದ್ದು. ಇಟ್ಟಿಗೆಗೆ ಇಟ್ಟಿಗೆ ಕೂತಿದೆ. ಹಾಗೇ ಹುಡುಕ್ತಾ ಹೋದೆ, ಸಿಕ್ತಾನೇ ಹೋಯ್ತು. ಪ್ರಿಡಿಕ್ಷನ್ ಪೀಶ್‌ಗೂಯೀ, ಮುಂಚೆ ಹೇಳೋದು. ಸಲಿಲಕ್ವಿ ತಕ್‌ಗೂಯೀ, ಒಬ್ಬನೇ ಮಾತಾಡೋದು. ಸಾಮ್ನಾಂಬುಲಿಸ್ಟ್ ಖಾಬ್‌ಗರ್ದ್, ನಿದ್ದೇಲಿ ತಿರುಗೋನು. ಮಲೆವೊಲೆಂಟ್ ಬದ್‌ಖಾಹ್, ಕೆಟ್ಟದ್ದು ಬಯಸೋನು, ಬೆನೆವೊಲೆಂಟ್ ಖೈರ್‌ಖಾಹ್. ಮ್ಯಾಗ್ನಾನಿಮಸ್ ಬೊಜೊರ್ಗ್‌ಮನೆಶ್, ದೊಡ್ಡ ಮನಸ್ಸಿನವನು. ಪಾಲಿಗ್ಲಾಟ್ ಚಂದ್‌ಜಬಾನೆ, ಹಲವು ಭಾಷೆ ಬಲ್ಲವನು. ಫಿಲಾಂತ್ರಪಿಸ್ಟ್ ಬಶರ್‌ದೂಸ್ತ್, ಮನುಷ್ಯರ ಗೆಳೆಯ, ಜೆನೋಫೋಬಿಯಾ ಬೀಗಾನೆಹರಾಸೀ, ಹೊರಗಿನವರ ಭಯ. ಇದರಲ್ಲಿ ಕೆಲವು ಹಳೇ ಪದ, ಕೆಲವು ಯೂರೋಪಿನ ಪದ ನೋಡ್ಕೊಂಡೇ ಕಟ್ಟಿದ್ದು, ಟೆಹರಾನಲ್ಲಿ 1935ರಲ್ಲಿ ಫರ್ಹಂಗೆಸ್ತಾನ್ ಅಂತ ಅಕಾಡೆಮಿ ಈ ಪದ ಕಟ್ಟೋ ಕೆಲಸಕ್ಕೆ ಅಂತಾನೇ ಶುರುವಾಗಿದ್ದು. ಆ ಹುಡುಗರು ಇವನ್ನೆಲ್ಲ ದಿನಾ ಬಳಸ್ತಾರೆ, ಬಿಡಿಸಿ ನೋಡಿರಲ್ಲ ಅಷ್ಟೆ. ಒಂದ್ಸಲ ಬಿಡಿಸಿ ತೋರಿಸಿದ್ರೆ ಗೂಯೀ, ಅಂದ್ರೆ ಮಾತಾಡೋದು, ಅನ್ನೋ ಒಂದರಿಂದ ಲೊಕ್ವೇಷಸ್, ಗ್ರ್ಯಾಂಡಿಲಕ್ವೆಂಟ್, ಸರ್ಕಮ್‌ಲೊಕ್ಯೂಷನ್ ಎಲ್ಲಾ ಒಂದೇ ಸಂಜೆಗೆ ಮುಗೀತವೆ.

ಕಾರ್ಡ್ ಹೇಗಿರುತ್ತೆ ಅಂತ ಸರಿಯಾಗಿ ಹೇಳ್ತೀನಿ, ತುಂಬಾ ಜನ ಎಡವೋದೇ ಇಲ್ಲಿ. ಇಂಗ್ಲಿಷ್ ಎಡದಿಂದ ಬಲಕ್ಕೆ, ಫಾರ್ಸಿ ಬಲದಿಂದ ಎಡಕ್ಕೆ. ಮೇಲೆ ಪ್ರೆಜುಡಿಸ್ ಬರೆದು ಕೆಳಗೆ ಪೀಶ್‌ದಾವರಿ ಬರೆದ್ರೆ ಪ್ರಿ ಎಡತುದೀಲಿ, ಪೀಶ್ ಬಲತುದೀಲಿ, ಗೆರೆ ಎಳೆದು ಜೋಡಿಸಿದ್ರೆ ಮಧ್ಯದಲ್ಲಿ ಕತ್ತರಿ ಹಾಕ್ಕೊಂಡು ಕಣ್ಣು ಗೊಂದಲ ಆಗುತ್ತೆ. ಅದಕ್ಕೇ ಗೆರೆ ಬಿಟ್ಟು ಬಣ್ಣ ಹಿಡಿದೆ. ಮುಂದಿನ ತುಂಡು ಎರಡು ಭಾಷೇಲೂ ಕೆಂಪು, ಧಾತು ನೀಲಿ, ಬಾಲ ಪೆನ್ಸಿಲಲ್ಲಿ. ಕಾರ್ಡ್ ಹಿಂದೆ ಅರ್ಥ ಬರೆಯಲ್ಲ, ಆ ಪದ ಇರೋ ಒಂದು ವಾಕ್ಯ, ಅದೂ ಸ್ಟೂಡೆಂಟ್ ಕೈಬರಹದಲ್ಲೇ. ಕೈಬರಹ ಅಂತ ಯಾಕೆ ಹಟ ಅಂದ್ರೆ, ಒಂದ್ಸಲ ಎಂಟು ಒಂಬತ್ತು ಸಾವಿರ ಕೊಟ್ಟು ಡಿಟಿಪಿ ಅಂಗಡೀಲಿ ಪ್ರಿಂಟ್ ಮಾಡಿಸಿದ್ದೆ, ಅವರ ಸಾಫ್ಟ್‌ವೇರಲ್ಲಿ ಫಾರ್ಸಿ ಅಕ್ಷರ ಕೂಡಿಕೊಳ್ಳದೆ ಒಂದೊಂದೂ ಬಿಡಿಬಿಡಿಯಾಗಿ, ಅದೂ ತಿರುಗುಮುರುಗಾಗಿ ಬಂತು, ಪ್ರೂಫಲ್ಲಿ ಸರಿಯಿದ್ದದ್ದು ಪ್ರಿಂಟಲ್ಲಿ ಕೆಟ್ಟಿತ್ತು, ದುಡ್ಡು ವಾಪಸ್ ಕೊಡಲ್ಲ ಅಂದ್ರು. ಲ್ಯಾಮಿನೇಷನ್ ಬೇರೆ ಆಗಿತ್ತು. ಎರಡು ರಟ್ಟಿನ ಡಬ್ಬ ಪೂರ್ತಿ ಗುಜರಿಗೆ ಹೋಯ್ತು.

ಎರಡನೇ ಹಂತ ನನಗೆ ಹೊಳೆದದ್ದು ನಾನು ಕನ್ನಡದವಳು ಆಗಿರೋದ್ರಿಂದಲೇ, ಇದನ್ನ ಧೈರ್ಯವಾಗಿ ಹೇಳ್ತೀನಿ. ಕನ್ನಡ ಬೇರೆ ಕುಟುಂಬ ಸರಿ, ಆದ್ರೆ ನಮ್ಮ ಬಾಯಲ್ಲಿರೋ ಸಂಸ್ಕೃತದ ಪದಗಳು ಫಾರ್ಸಿಗೂ ಲ್ಯಾಟಿನ್‌ಗೂ ದಾಯಾದಿಗಳು. ಮಂಡಿಗೆ ಜಾನು ಅಂತೀವಿ, ಅವರು ಜಾನೂ ಅಂತಾರೆ, ಇಂಗ್ಲಿಷಲ್ಲಿ ಮಂಡಿಯೂರೋದಕ್ಕೆ ಜೆನ್ಯುಫ್ಲೆಕ್ಟ್. ದಂತ, ದಂದಾನ್, ಡೆಂಟಲ್. ಮೃತ್ಯು, ಮೊರ್ದನ್, ಮಾರ್ಟಲ್, ಮಾರಿಬಂಡ್. ನವ, ನೋ, ನಾವೆಲ್, ಇನೊವೇಟ್. ಜ್ಞಾನದ ಮನೆಯಲ್ಲೇ ಅವರ ದಾನಾ, ಅಂದ್ರೆ ಬಲ್ಲವನು, ಇಂಗ್ಲಿಷಿನ ಕಾಗ್ನಿಷನ್, ಆಗ್ನಾಸ್ಟಿಕ್ ಎಲ್ಲಾ ಇವೆ. ಕ್ರಿಮಿ, ಕೆರ್ಮ್, ಆ ಹುಳದಿಂದ ತೆಗೀತಿದ್ದ ಕೆಂಪು ಬಣ್ಣದಿಂದ ಕ್ರಿಮ್ಸನ್. ಸಮ, ಹಮ್ ಒಂದೇ ಬೇರು, ಅಲ್ಲಿಂದ ಹಮ್‌ದರ್ದೀ ಹಿಡ್ಕೊಂಡು ಸಿಂಪಥಿ, ಕಂಪ್ಯಾಷನ್ ಎರಡೂ ಬಿಡಿಸಬಹುದು, ಹಮ್‌ಜಮಾನ್‌ನಿಂದ ಸಿಂಕ್ರೊನಸ್, ಹಮ್‌ಅಸ್ರ್‌ನಿಂದ ಕಂಟೆಂಪರರಿ. ಶಿರಾಜ್ ಕಡೆ ಹುಡುಗಿಯೊಬ್ಬಳು ನನ್ನ ಬಾಯಲ್ಲಿ ಜಾನು ಕೇಳಿ, ಓಸ್ತಾದ್ ನೀವು ಫಾರ್ಸೀಲಿ ಹೇಳಿದ್ರೋ ಕನ್ನಡದಲ್ಲೋ ಅಂತ ಕೇಳಿದ್ಲು. ಆಮೇಲೆ ಅವಳಿಗೆ ಕನ್ನಡ ಬೋರ್ಡ್ ಓದೋ ಚಟವೂ ಹತ್ತಿಕೊಂಡಿತು.

ಇಂಗ್ಲಿಷಿಗೆ ಹೋದ ಫಾರ್ಸಿ ಪದಗಳನ್ನ ತೋರಿಸಿ ಶುರು ಮಾಡೋದು ಎಲ್ಲಾ ಟೀಚರ್‌ಗಳ ಅಭ್ಯಾಸ. ಪೈಜಾಮ, ಬಜಾರ್, ಕ್ಯಾರವಾನ್, ಕಿಯೋಸ್ಕ್, ಶಾಹ್ ಮಾತ್‌ನಿಂದ ಚೆಕ್‌ಮೇಟ್, ಪ್ಯಾರಡೈಸ್. ಕೇಳೋಕೆ ಚೆನ್ನಾಗಿದೆ, ಹುಡುಗರು ಖುಷಿ ಪಡ್ತಾರೆ, ಎಕ್ಸಾಮಿಗೆ ಮೂರು ಕಾಸಿನ ಉಪಯೋಗ ಇಲ್ಲ. ಮೊದಲನೇ ದಿನ ಅರ್ಧ ಗಂಟೆ ಸಾಕು.

ಮಧ್ಯದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಫಾರ್ಸೀಲಿ ಖೋರ್ದನ್ ಅಂದ್ರೆ ತಿನ್ನೋದು, ಕೊತಕ್ ಖೋರ್ದನ್ ಅಂದ್ರೆ ಒದೆ ತಿನ್ನೋದು, ಥೇಟ್ ನಮ್ಮದೇ. ಸಿಗರೇಟನ್ನ ನಾವು ಸೇದ್ತೀವಿ, ಅವರು ಕೆಶೀದನ್ ಅಂತಾರೆ, ಅದೂ ಎಳೆಯೋದೇ. ಅವರು ನೆಲ ತಿಂದ್ರೆ ಬಿದ್ರು ಅಂತ ಅರ್ಥ, ಶೀತ ತಿಂದ್ರೆ ನೆಗಡಿ. ಹೀಗೆ ಹೆಸರಿಗೆ ಒಂದು ಸಣ್ಣ ಕ್ರಿಯಾಪದ ಅಂಟಿಸಿ ಮಾತಾಡೋರಿಗೆ ಇಂಗ್ಲಿಷಿನ ಫ್ರೇಸಲ್ ವರ್ಬ್, ಅಂದ್ರೆ ಗಿವ್ ಅಪ್, ಟೇಕ್ ಆಫ್ ಥರದ್ದು, ಸಲೀಸಾಗ್ಬೇಕು ಅಂತ ಒಂದು ಬ್ಯಾಚಿಗೆ ಪೂರ್ತಿ ಅದನ್ನೇ ಮಾಡಿಸಿದೆ. ಸ್ಪೀಕಿಂಗ್ ಚುರುಕಾಯ್ತು, ಟೇಕ್ ಮೇಕ್ ತಪ್ಪು ಕಮ್ಮಿ ಆಯ್ತು, ಪದಸಂಪತ್ತು ಏನೂ ಬೆಳೀಲಿಲ್ಲ. ಈಗ ಐಇಎಲ್‌ಟಿಎಸ್ ಬ್ಯಾಚಿಗೆ ಮಾತ್ರ ಮಾಡಿಸ್ತೀನಿ.

ನನ್ನ ಮೆಥಡ್ ನಡೆಯೋದು ಗ್ರೀಕ್ ಲ್ಯಾಟಿನ್‌ನಿಂದ ಬಂದ ಉದ್ದುದ್ದ ಪದಗಳಿಗೆ. ಗ್ಲಿಬ್, ರೈ, ಗಾಂಟ್, ಶನ್, ಕ್ವೆಲ್, ಇಂಥ ಗಿಡ್ಡ ಪದಗಳಿಗೆ ನಡೆಯಲ್ಲ, ಅವನ್ನ ಬಿಡಿಸೋಕೆ ತುಂಡೇ ಇಲ್ಲ. ಅವಕ್ಕೆ ನಾನು ಬೇರೆ ಒಂದು ಆಟ ಮಾಡಿಸ್ತೀನಿ, ಅದನ್ನ ಇಲ್ಲಿ ಹೇಳಲ್ಲ, ಹೊಟ್ಟೆಪಾಡು ನಡೀತಿರೋದೇ ಅದರಲ್ಲಿ. ಧಾತುಗಳನ್ನ ಯಾವ ಆರ್ಡರಲ್ಲಿ ಕೊಡ್ಬೇಕು ಅನ್ನೋದನ್ನೂ ಹೇಳಲ್ಲ.

ಇನ್ನೊಂದು ತೊಂದರೆ ಸ್ವರದ್ದು. ಫಾರ್ಸಿ ಬರಹದಲ್ಲಿ ಹ್ರಸ್ವ ಸ್ವರ ಬರೆಯಲ್ಲ, ಓದೋರೇ ತುಂಬ್ಕೋಬೇಕು. ಹಾಗಾಗಿ ಇವರ ಕಣ್ಣು ವ್ಯಂಜನ ಹಿಡಿಯುತ್ತೆ, ಸ್ವರ ಜಾರಿಸುತ್ತೆ, ನಾನು ನೋಡಿದ ಹತ್ತರಲ್ಲಿ ಏಳೆಂಟು ಜನಕ್ಕೆ ಇದೇ. ಅಡ್ಯಾಪ್ಟ್, ಅಡಾಪ್ಟ್, ಅಡೆಪ್ಟ್ ಮೂರೂ ಕಲಸಿಹೋಗುತ್ತೆ, ಎಮಿನೆಂಟ್ ಇಮಿನೆಂಟ್ ಕಲಸುತ್ತೆ, ಪ್ರಿಸ್ಕ್ರೈಬ್ ಪ್ರೊಸ್ಕ್ರೈಬ್ ಅಂತೂ ಔಷಧಿ ಬರೆಯೋದಕ್ಕೂ ನಿಷೇಧ ಹಾಕೋದಕ್ಕೂ ವ್ಯತ್ಯಾಸ ಇಲ್ದಂಗೆ. ನಾನು ಬೋರ್ಡ್ ಮೇಲೆ ಬರೀ ವ್ಯಂಜನ ಬರೆದು ಒಂದು ವಾಕ್ಯ ಹೇಳ್ತೀನಿ, ಅವರು ಸ್ವರ ಹಸಿರು ಪೆನ್ನಲ್ಲಿ ತುಂಬ್ಬೇಕು. ಕ್ಲಾಸಿಗೆ ಹತ್ತು ನಿಮಿಷ, ಒಂದು ತಿಂಗಳು ಬಿಡದೆ ಮಾಡಿಸಿದ್ರೆ ಸರಿಹೋಗುತ್ತೆ.

ದುಡ್ಡಿನ ವಿಷಯ. ಶುರುವಲ್ಲಿ ತಲೆಗೆ ತಿಂಗಳಿಗೆ ನಾಲ್ಕು ಸಾವಿರ ತಗೋತಿದ್ದೆ, ಆಮೇಲೆ ಆರು. ಜಿಆರ್‌ಇ ಒಂದ್ಸಲ ಬರೆಯೋಕೇ ಇನ್ನೂರು ಡಾಲರ್ ಆಸುಪಾಸು, ಇರಾನಿನ ಬ್ಯಾಂಕ್ ಕಾರ್ಡ್ ಹೊರದೇಶದಲ್ಲಿ ನಡೆಯಲ್ಲ, ಪರೀಕ್ಷೆ ಫೀಸ್ ಎಷ್ಟೋ ಜನಕ್ಕೆ ನನ್ನ ಕಾರ್ಡಿಂದಲೇ ಕಟ್ಟಿ ಆಮೇಲೆ ಕ್ಯಾಶ್ ಇಸ್ಕೊಂಡಿದೀನಿ. 2018ರಲ್ಲಿ ಅಮೆರಿಕ ಇರಾನ್ ಜೊತೆಗಿನ ಅಣು ಒಪ್ಪಂದದಿಂದ ಹೊರಗೆ ಬಂದು ರಿಯಾಲ್ ಕುಸಿದಾಗ ಊರಿಂದ ಅಪ್ಪ ಕಳಿಸೋ ದುಡ್ಡು ಇಲ್ಲಿ ಕೈಗೆ ಬರೋಷ್ಟರಲ್ಲಿ ಅರ್ಧಾನೂ ಉಳೀತಿರಲಿಲ್ಲ. ಕ್ಲಾಸ್ ಬಿಟ್ಟವರು ಬಿಟ್ರು, ಉಳಿದವರ ಹತ್ರ ಕೊಟ್ಟಷ್ಟು ಇಸ್ಕೊಂಡೆ, ಮೂವತ್ತು ನಲವತ್ತು ಸಾವಿರ ಬರ್ಬೇಕಾದ್ದು ಬರಲೇ ಇಲ್ಲ, ಕೇಳೋಕೂ ಹೋಗ್ಲಿಲ್ಲ. ಆಮೇಲೆ ಆನ್‌ಲೈನ್ ಹಿಡಿದೆ. ಟೆಲಿಗ್ರಾಂ ಅಲ್ಲಿ ಬ್ಯಾನ್, ಫಿಲ್ಟರ್‌ಶೆಕನ್ ಅಂತ ವಿಪಿಎನ್ ಹಾಕ್ಕೊಂಡೇ ಬರೋರು, 2019ರ ನವೆಂಬರಲ್ಲಿ ಇಡೀ ದೇಶದ ಇಂಟರ್ನೆಟ್ಟೇ ವಾರದ ಹತ್ರ ಬಂದ್ ಆದಾಗ ಬ್ಯಾಚ್ ಪೂರ್ತಿ ಮಾಯ, ಎಕ್ಸಾಮ್ ಡೇಟ್ ಹತ್ರ ಇದ್ದವರ ಗತಿ ನೆನೆಸ್ಕೊಂಡು ನನಗೆ ನಿದ್ದೆ ಬರ್ತಿರಲಿಲ್ಲ.

2021ರ ಆಗಸ್ಟಲ್ಲಿ ತಾಲಿಬಾನ್ ಬಂದ ಮೇಲೆ ಕಾಬೂಲಿನ ಹುಡುಗೀರು ಮೂರು ನಾಲ್ಕು ಜನ ಸೇರಿಕೊಂಡ್ರು, ಹಳೇ ಸ್ಟೂಡೆಂಟ್ ಒಬ್ಬನ ಕಡೆಯಿಂದ. ಅವರ ಹತ್ರ ಫೀಸ್ ತಗೊಳ್ಳಲ್ಲ. ಅವರದ್ದು ದರೀ, ಅಂದ್ರೆ ಅಫ್ಘಾನಿಸ್ತಾನದ ಫಾರ್ಸಿ, ಟೆಹರಾನಲ್ಲಿ ಕಟ್ಟಿದ ಪದ ಎಷ್ಟೋ ಅವರಿಗೆ ರೂಢಿ ಇಲ್ಲ, ಯೂನಿವರ್ಸಿಟಿಗೆ ಇರಾನಲ್ಲಿ ದಾನೆಶ್‌ಗಾಹ್ ಅಂದ್ರೆ ಅಲ್ಲಿ ಪಶ್ತೋದ ಪೊಹಂತೂನ್ ಅಂತಾರೆ. ಹಾಗಾಗಿ ಕಾರ್ಡ್ ಎರಡು ಸೆಟ್ ಮಾಡಿದೆ. ಅವರ ಕಡೆ ಕರೆಂಟ್ ಯಾವಾಗ ಇರುತ್ತೋ ಗೊತ್ತಿಲ್ಲ, ಅದಕ್ಕೇ ಎಲ್ಲಾ ಪಾಠ ವಾಯ್ಸ್ ನೋಟ್, ಒಂದೊಂದು ಐದು ನಿಮಿಷ ಮೀರಲ್ಲ, ಕಾರ್ಡಿನ ಫೋಟೋ ಜೊತೇಲಿ. ನನ್ನ ಬ್ಯಾಚ್‌ಗಳಲ್ಲೆಲ್ಲ ಇವರಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ.

ರಿಸಲ್ಟ್ ಕೇಳೋರಿಗೆ: ಆ ಶಿರಾಜ್ ಹುಡುಗಿ ಜಿಆರ್‌ಇಯ ಭಾಷೆ ಭಾಗದಲ್ಲಿ, ಅಂದ್ರೆ ವರ್ಬಲ್‌ನಲ್ಲಿ, 144ರ ಹತ್ರ ಇದ್ದವಳು ಐದಾರು ತಿಂಗಳಲ್ಲಿ 157ಕ್ಕೋ 158ಕ್ಕೋ ಬಂದ್ಲು, ಈಗ ಕೆನಡಾದಲ್ಲಿದಾಳೆ. ಐಇಎಲ್‌ಟಿಎಸ್‌ನಲ್ಲಿ ಐದೂವರೆಯಿಂದ ಏಳಕ್ಕೆ ಹೋದವರು ಬೇಕಾದಷ್ಟು ಜನ. ಒಟ್ಟು ನೂರಾ ಐವತ್ತರ ಮೇಲೆ ಕಲಿಸಿರಬೇಕು.

ಶುರು ಮಾಡೋರು ಹಮ್ ಮತ್ತು ಪೀಶ್ ಎರಡರಿಂದ ಶುರು ಮಾಡಿ, ಮೊದಲ ವಾರಕ್ಕೆ ನಲವತ್ತು ಪದ ಅಲ್ಲೇ ಸಿಗುತ್ತೆ. ಫಾರ್ಸಿ ಓದೋಕೆ ಎರಡು ತಿಂಗಳು ಸಾಕು, ಮಾತಾಡೋಕೆ ಬರ್ಬೇಕು ಅಂತಿಲ್ಲ. ಕಾರ್ಡಿಗೆ ತೆಳು ಪೇಪರ್ ಬೇಡ, ಕೆಂಪು ಶಾಯಿ ಹಿಂದಕ್ಕೆ ಇಳಿದು ವಾಕ್ಯ ಕೆಡಿಸುತ್ತೆ, ಲಗ್ನಪತ್ರಿಕೆ ಅಂಗಡೀಲಿ ಉಳಿಕೆ ರಟ್ಟು ಕೇಳಿ, ಕೆಜಿ ಲೆಕ್ಕದಲ್ಲಿ ಕೊಡ್ತಾರೆ.