ಕಲೆಗಿಂತ ಉಜ್ಜುವ ಕೈಯೇ ಬಟ್ಟೆಯನ್ನು ಜಾಸ್ತಿ ಹಾಳು ಮಾಡುತ್ತದೆ

ಕಲೆ ಬಿದ್ದ ಕೂಡಲೇ ಬಟ್ಟೆ ಹಿಡಿದು ಗಸಗಸ ಉಜ್ಜುತ್ತೀರಲ್ಲ, ಅದನ್ನು ಮೊದಲು ನಿಲ್ಲಿಸಿ. ನೋಡಿ ನೋಡಿ ನನಗೆ ಸಾಕಾಗಿದೆ. ಟೀ ಚೆಲ್ಲಿದರೂ ಉಜ್ಜುವುದು, ಪೆನ್ನು ಸೋರಿದರೂ ಉಜ್ಜುವುದು, ರಕ್ತ ತಾಗಿದರಂತೂ ಬಿಸಿನೀರು ಸುರಿದು ಇನ್ನೂ ಜೋರಾಗಿ ಉಜ್ಜುವುದು. ಆಮೇಲೆ 'ಏನು ಮಾಡಿದರೂ ಹೋಗ್ತಿಲ್ಲ' ಅಂತ ಗೋಳು. ಹೇಗೆ ಹೋಗಬೇಕು? ಮೇಲೆ ಕೂತಿದ್ದ ಕಲೆಯನ್ನು ನೂಲಿನ ಒಳಕ್ಕೆ ಇಳಿಸಿದವರು ನೀವೇ. ಉಜ್ಜಿದ ಜಾಗದಲ್ಲಿ ನೂಲು ಎದ್ದುಬಿಡುತ್ತದೆ. ಕಲೆ ಹೋದರೂ ಬಟ್ಟೆ ಅಲ್ಲಿ ಮಂಕಾಗಿಯೇ ಕಾಣುತ್ತದೆ.

ಕಲೆಯನ್ನು ಒತ್ತಿ ತೆಗೆಯಬೇಕು. ಹಳೇ ಹತ್ತಿ ಟವೆಲನ್ನು ಮಡಿಸಿ ಕೆಳಗಿಡಿ. ಅದರ ಮೇಲೆ ಕಲೆಯ ಮುಖ ಕೆಳಗೆ ಬರುವಂತೆ ಬಟ್ಟೆ ಹಾಸಿ. ನೀರಾಗಲಿ, ಸ್ಪಿರಿಟ್ ಆಗಲಿ, ಹಿಂಬದಿಯಿಂದ ಹಾಕಿ, ಅಂಚಿನಿಂದ ಶುರುಮಾಡಿ ನಡುವಿಗೆ ಒತ್ತುತ್ತಾ ಬನ್ನಿ. ನಡುವಿನಿಂದ ಶುರುಮಾಡಿದರೆ ಕಲೆ ಸುತ್ತಲೂ ಹರಡುತ್ತದೆ. ಟವೆಲ್ಲಿಗೆ ಕಲೆ ಇಳಿದ ಹಾಗೆಲ್ಲ ಒಣ ಜಾಗಕ್ಕೆ ಸರಿಸಿ. ಟವೆಲ್ ಅಂದಾಗ ನೆನಪಾಯಿತು. ಒಗೆದ ಟವೆಲ್ ಮೃದುವಾಗಲಿ, ಘಮಘಮ ಅನ್ನಲಿ ಅಂತ ಪ್ರತಿ ಸಲ ಕಂಡೀಷನರ್ ಹಾಕುತ್ತೀರಿ. ಅದು ನೂಲಿನ ಮೇಲೆ ಜಿಡ್ಡಿನಂತೆ ಕೂತುಬಿಡುತ್ತದೆ. ಅಂಥ ಟವೆಲ್ ನೀರನ್ನೇ ಹೀರುವುದಿಲ್ಲ, ಇನ್ನು ಕಲೆಯನ್ನು ಏನು ಹೀರುತ್ತದೆ? ಮೈ ಒರೆಸುವುದಕ್ಕೂ ಅದು ಪ್ರಯೋಜನವಿಲ್ಲ.

ರಕ್ತಕ್ಕೆ ತಣ್ಣೀರು, ಯಾವಾಗಲೂ ತಣ್ಣೀರು. ಬಿಸಿ ತಾಗಿದರೆ ಅದು ಹೆಪ್ಪುಗಟ್ಟಿ ನೂಲಿಗೆ ಅಂಟಿಕೊಳ್ಳುತ್ತದೆ. ಒಣಗಿಹೋಗಿದ್ದರೆ, ಬಿಳಿ ಹತ್ತಿ ಬಟ್ಟೆಗೆ ಔಷಧದ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಹಾಕಿ. ನೊರೆ ಬರುತ್ತದೆ, ಬರಲಿ. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಮೇಲೆ ಒಂದು ಹನಿ ಬಿಟ್ಟು ನೋಡಿಕೊಳ್ಳಿ. ಹಾಲು ಹಾಕಿದ ಟೀಗೂ ಮೊದಲು ತಣ್ಣೀರು. ಆಮೇಲೆ, ಹತ್ತಿಯಾದರೆ ಮಾತ್ರ, ಒಂದು ಬೋಗುಣಿಯ ಬಾಯಿಗೆ ಬಟ್ಟೆ ಬಿಗಿದು ಮೇಲಿನಿಂದ ಕುದಿನೀರು ಸುರಿಯಿರಿ. ಎಣ್ಣೆ ಕಲೆಗೆ ನೀರು ತಾಗಿಸುವ ಮೊದಲೇ, ಒಣ ಬಟ್ಟೆಯ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬಿಡಿ. ಪೆನ್ನಿನ ಶಾಯಿಗೆ ಸ್ಪಿರಿಟ್, ಇಲ್ಲದಿದ್ದರೆ ಸ್ಯಾನಿಟೈಸರ್ ಸಾಕು. ಒಲೆ ಹತ್ತಿರ ಬೇಡ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡಿ. ಅದರ ಮೇಲೆ ಬ್ಲೀಚ್ ಹಾಕಿದಿರೋ, ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಅರಿಸಿನದ ವಿಷಯಕ್ಕಂತೂ ಎಲ್ಲರೂ ಹೆದರಿ ಸಾಯುತ್ತಾರೆ. ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಗಾಗುತ್ತದೆ. ಅಯ್ಯೋ ಇನ್ನೇನೋ ಆಯಿತು ಅಂತ ಬಾಟಲಿಗಟ್ಟಲೆ ಬ್ಲೀಚ್ ಸುರಿಯುತ್ತಾರೆ. ಏನೂ ಆಗಿರುವುದಿಲ್ಲ. ಸೋಪಿನ ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಒಗೆದು, ಒದ್ದೆ ಇರುವಾಗಲೇ ಕಲೆಗೆ ನೇರ ಬಿಸಿಲು ಬೀಳುವಂತೆ ಹಾಕಿ. ಅರಿಸಿನ ಬಿಸಿಲಿಗೆ ತಡೆಯುವುದಿಲ್ಲ. ಸಂಜೆಗೆ ಅರ್ಧ ಹೋಗಿರುತ್ತದೆ, ಉಳಿದದ್ದಕ್ಕೆ ಮಾರನೆಯ ದಿನದ ಬಿಸಿಲಿದೆ. ಅಷ್ಟು ತಾಳ್ಮೆ ಯಾರಿಗಿದೆ ಈಗ?

ಬ್ಲೀಚಿನ ಮಾತು ಬಂತಲ್ಲ, ಅದನ್ನು ರೇಷ್ಮೆಗೆ, ಉಣ್ಣೆಗೆ ತೋರಿಸಲೇಬೇಡಿ. ನೂಲೇ ತಿಂದುಹೋಗುತ್ತದೆ. ಬ್ಲೀಚನ್ನು ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವುದರ ಜೊತೆಗೂ ಬೆರೆಸಬೇಡಿ. ಅದರಿಂದ ಬರುವುದು ವಿಷದ ಗಾಳಿ. ಎರಡು ಸೇರಿದರೆ ಶಕ್ತಿ ಜಾಸ್ತಿ ಅಂತ ಯಾರು ಹೇಳಿಕೊಟ್ಟರೋ! ಇನ್ನೊಂದು, ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಬೇರೆ ಬಟ್ಟೆಯ ಬಣ್ಣ ಹತ್ತಿದ್ದರೆ ಒಣಗಲೂ ಬಿಡಬೇಡಿ. ಒದ್ದೆಯಾಗಿಯೇ ಬೇರ್ಪಡಿಸಿ ಹೊಸ ಡಿಟರ್ಜೆಂಟ್ ನೀರಿನಲ್ಲಿ ನೆನೆಹಾಕಿ.

ಇಷ್ಟಾದರೂ ಹೋಗದಿದ್ದರೆ ಬಟ್ಟೆಗೆ ಬಣ್ಣ ಹಾಕಿ ಉಳಿಸಬಹುದು. ಆದರೆ ಬಣ್ಣ ಅಂದರೆ ಕೊಳೆ ಮುಚ್ಚುವ ಪರದೆ ಅಂದುಕೊಂಡಿದ್ದೀರಲ್ಲ, ಅಲ್ಲೇ ಎಡವುವುದು. ಎಣ್ಣೆ ಜಿಡ್ಡಿದ್ದ ಜಾಗ ಬಣ್ಣ ಕುಡಿಯುವುದಿಲ್ಲ, ಅಲ್ಲಿ ಮಚ್ಚೆ ಉಳಿಯುತ್ತದೆ. ಕಲೆ ತೆಗೆಯುವಷ್ಟು ತೆಗೆದೇ ಬಣ್ಣಕ್ಕೆ ಇಳಿಯಬೇಕು. ಇರುವ ಬಣ್ಣಕ್ಕಿಂತ ಗಾಢವಾದದ್ದನ್ನೇ ಆರಿಸಬೇಕು. ಹಳದಿ ಅಂಗಿಯನ್ನು ನೀಲಿಗೆ ಹಾಕಿದರೆ ನೀಲಿ ಬರುವುದಿಲ್ಲ, ಹಸಿರು ಬರುತ್ತದೆ. ಇದನ್ನೂ ಹೇಳಿಕೊಡಬೇಕಾ?

ಬಟ್ಟೆ ಯಾವುದು ಅಂತ ತಿಳಿಯದೆ ಬಣ್ಣ ತರಲೇಬೇಡಿ. ಒಳಮಡಿಕೆಯಿಂದ ಎರಡು ನೂಲು ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಆದರೆ ಕೈಬಿಡಿ. ಅದಕ್ಕೆ ಕಾರ್ಖಾನೆಗಳಲ್ಲಿ ಒತ್ತಡದಲ್ಲಿ 130 ಡಿಗ್ರಿಯ ಹತ್ತಿರ ಕಾಯಿಸಿ ಬಣ್ಣ ಹಿಡಿಸುತ್ತಾರೆ, ನಿಮ್ಮ ಬಕೆಟ್ಟಿನಲ್ಲಿ ಅದು ಆಗುವ ಕೆಲಸವಲ್ಲ. ರೇಷ್ಮೆ, ಉಣ್ಣೆಗೆ ಆ್ಯಸಿಡ್ ಬಣ್ಣ ಬೇರೆಯೇ ಇದೆ, ವಿನೆಗರ್ ಹಾಕಿ ಕಾಯಿಸುವಂಥದ್ದು. ನಾನು ಹೇಳುತ್ತಿರುವುದು ಹತ್ತಿಗೆ.

ಬಟ್ಟೆಯನ್ನು ಒಗೆಯುವ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಗಂಜಿ, ಜಿಡ್ಡು ಎಲ್ಲ ಬಿಡಿಸಿ, ಜಾಲಿಸಿ. ಒದ್ದೆಯಾಗಿಯೇ ಬಣ್ಣಕ್ಕೆ ಇಳಿಸಬೇಕು. ಒಣ ಬಟ್ಟೆ ಹಾಕಿದರೆ ನೀರು ತಾಗಿದ ಕಡೆ ಒಂದು ಬಣ್ಣ, ತಡವಾಗಿ ತಾಗಿದ ಕಡೆ ಇನ್ನೊಂದು.

ಈಗ ಬಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟುವ ಗಂಟಿನ ವಿಷಯ. ಇದನ್ನು ಬಿಟ್ಟು ಬಣ್ಣ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪುಡಿಯನ್ನು ಸೀದಾ ಬಕೆಟ್ಟಿಗೆ ಸುರಿದು ಕೋಲಾಡಿಸುತ್ತಾರೆ. ಕರಗದ ಒಂದೊಂದು ಹರಳೂ ಬಟ್ಟೆಯ ಮೇಲೆ ಒಂದೊಂದು ಚುಕ್ಕೆ. ಆ ಚುಕ್ಕೆ ಜನ್ಮದಲ್ಲಿ ಹೋಗುವುದಿಲ್ಲ. ನಮ್ಮಮ್ಮ ಬಣ್ಣ ಹಾಕುವ ದಿನ ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡಿ ಕಲಿತದ್ದು ಇದು. ಒಗೆದೊಗೆದು ಮೆತ್ತಗಾದ, ನೇಯ್ಗೆ ಒತ್ತಾಗಿರುವ ಹತ್ತಿ ಬಟ್ಟೆಯ ತುಂಡು ತೆಗೆದುಕೊಳ್ಳಿ. ಅಂಗೈಗಿಂತ ಚೂರು ದೊಡ್ಡದಿರಲಿ, ಎರಡು ಪದರ ಮಾಡಿ. ಪುಡಿಯನ್ನು ನಡುವೆ ಇಟ್ಟು ದಾರದಿಂದ ಕಟ್ಟಿ. ಬಿಗಿಯಾಗಿ ಬೇಡ, ಒಳಗೆ ನೀರು ಓಡಾಡುವಷ್ಟು ಜಾಗ ಬಿಡಿ. ದಾರದ ತುದಿ ಉದ್ದ ಇರಲಿ, ಹಿಡಿಯುವುದಕ್ಕೆ. ಒಂದು ಬಟ್ಟಲು ಬೆಚ್ಚನೆ ನೀರಿನಲ್ಲಿ ಗಂಟನ್ನು ಇಳಿಸಿ ಸುಮ್ನೆ ಬಿಡಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಗಂಟಿನ ಅಡಿಯಿಂದ ಬಣ್ಣ ಹೊಗೆಯ ಹಾಗೆ ಎಳೆಎಳೆಯಾಗಿ ಇಳಿಯುತ್ತದೆ. ಆಗ ಚಮಚದ ಬೆನ್ನಿನಿಂದ ಗಂಟನ್ನು ಬಟ್ಟಲಿನ ಗೋಡೆಗೆ ಮೆಲ್ಲಗೆ ಅದುಮಿ. ಬೆರಳಿನಿಂದ ಹಿಂಡಿದರೆ ಹರಳುಗಳೂ ನುಸುಳಿ ಬರುತ್ತವೆ, ಹಿಂಡಬೇಡಿ. ಬಣ್ಣದ ನೀರನ್ನು ದೊಡ್ಡ ಪಾತ್ರೆಗೆ ಹೊಯ್ದು, ಬಟ್ಟಲಿಗೆ ಹೊಸ ನೀರು ಹಾಕಿ ಮತ್ತೆ ಅದ್ದಿ. ನೀರು ತೆಳ್ಳಗಾಗುವ ತನಕ ಹೀಗೇ. ಗಂಟನ್ನು ಮಾತ್ರ ಬಟ್ಟೆ ಇರುವ ಪಾತ್ರೆಗೆ ಹಾಕಬಾರದು.

ಕೊನೆಗೆ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಗಾಢ ಚುಕ್ಕೆ ಕಂಡರೆ ಇನ್ನೊಮ್ಮೆ ಸೋಸಬೇಕು. ಕಪ್ಪು ಬಣ್ಣದ ಹನಿ ಬಿಟ್ಟು ನೋಡಿ, ಹರಡುತ್ತಾ ಅಂಚಿಗೆ ನೀಲಿ, ಕೆಂಪು ಬಳೆಗಳು ಬಿಡಿಸಿಕೊಳ್ಳಬಹುದು. ಅಂಗಡಿಯ ಕಪ್ಪು ಸಾಮಾನ್ಯವಾಗಿ ಹಲವು ಬಣ್ಣ ಬೆರೆಸಿ ಮಾಡಿದ್ದು. ಕಪ್ಪಿಗೆ ಪುಡಿಯೂ ಜಾಸ್ತಿ ಬೇಕು, ಜುಗ್ಗತನ ಮಾಡಿದರೆ ಬೂದು ಬಣ್ಣವೇ ಗತಿ.

ಅಮ್ಮನ ಕಾಲದ ಬಣ್ಣವನ್ನು ಕುದಿಸಬೇಕಿತ್ತು. ಈಗ ಸಿಗುವ ರಿಯಾಕ್ಟಿವ್ ಬಣ್ಣ ಕೈಗೆ ಹಿತವಾಗುವ ಬಿಸಿಯಲ್ಲೇ ಹಿಡಿಯುತ್ತದೆ. 1956ರಲ್ಲಿ ಮಾರುಕಟ್ಟೆಗೆ ಬಂದದ್ದು ಇದು, ಹತ್ತಿಯ ನೂಲಿಗೇ ಬೆಸೆದುಕೊಳ್ಳುತ್ತದೆ. ಆದರೆ ಬೆಸೆಯುವುದು ಸೋಡಾ, ಉಪ್ಪಲ್ಲ. ಉಪ್ಪು ನೀರಿನಲ್ಲಿರುವ ಬಣ್ಣವನ್ನು ಬಟ್ಟೆಯ ಕಡೆಗೆ ತಳ್ಳುತ್ತದೆ, ಅಷ್ಟೇ. ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ ಅಂತ ನಂಬಿರುವವರು ಉಪ್ಪನ್ನು ಉಳಿಸಿ. ಬಟ್ಟೆ ಆರಾಮಾಗಿ ಈಜಾಡುವಷ್ಟು ದೊಡ್ಡ ಪಾತ್ರೆ ಬೇಕು, ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಆಗಲಿ. ಅದು ಮತ್ತೆ ಅಡುಗೆಗೆ ಬರಬಾರದು. ಕೈಗೆ ಗ್ಲೌಸ್ ಹಾಕಿ, ಬಟ್ಟೆ ಇಳಿಸಿ, ಬಿಡದೆ ಆಡಿಸುತ್ತಿರಿ. ಉಪ್ಪನ್ನು ಕರಗಿಸಿ ಮೂರು ಕಂತಿನಲ್ಲಿ ಹಾಕಿ. ಪ್ರತಿ ಸಲ ಬಟ್ಟೆಯನ್ನು ಒಂದು ಬದಿಗೆ ಎತ್ತಿ ಹಿಡಿದು ಹಾಕಿ, ಅದರ ತಲೆಯ ಮೇಲೆ ಸುರಿಯಬೇಡಿ. ಸ್ವಲ್ಪ ಹೊತ್ತು ಬಿಟ್ಟು ಸೋಡಾವನ್ನೂ ಹಾಗೆಯೇ ಕರಗಿಸಿ ಹಾಕಿ. ಅಡುಗೆ ಸೋಡಾ ಅಲ್ಲ, ಒಗೆಯುವ ಸೋಡಾ. ಆಮೇಲೆ ಒಂದು ಗಂಟೆಯಾದರೂ ಆಗಾಗ ಆಡಿಸುತ್ತಿರಬೇಕು. ಫೋನು ನೋಡುತ್ತಾ ಕೂತರೆ ಮಡಿಕೆ ಬಿದ್ದಲ್ಲೆಲ್ಲ ಗೆರೆ.

ಒದ್ದೆ ಬಟ್ಟೆಯ ಬಣ್ಣ ಯಾವಾಗಲೂ ಗಾಢವಾಗಿ ಕಾಣುತ್ತದೆ, ಅದನ್ನು ನೋಡಿ ಬೇಗ ತೆಗೆಯಬೇಡಿ. ತೆಗೆದ ಮೇಲೆ ಮೊದಲು ತಣ್ಣೀರು, ಆಮೇಲೆ ಬಿಸಿನೀರಿಗೆ ಡಿಟರ್ಜೆಂಟ್ ಹಾಕಿ, ನೀರು ತಿಳಿಯಾಗುವ ತನಕ ಜಾಲಿಸಿ. ಉಳಿದ ಬಣ್ಣದ ನೀರನ್ನು ಮುಂದಿನ ಸಲಕ್ಕೆ ಅಂತ ಬಾಟಲಿಗೆ ತುಂಬಿಡುವವರನ್ನೂ ನೋಡಿದ್ದೇನೆ. ಸೋಡಾ ಬಿದ್ದ ಮೇಲೆ ಆ ಬಣ್ಣ ನೀರಿನ ಜೊತೆಗೇ ಬೆರೆತು ಸತ್ತುಹೋಗಿರುತ್ತದೆ, ಚೆಲ್ಲಿ.

ಮತ್ತೆ ಹೊಲಿಗೆ ದಾರ. ಅಂಗಿ ಹತ್ತಿಯದಾದರೂ ದಾರ ಹೆಚ್ಚಾಗಿ ಪಾಲಿಯೆಸ್ಟರ್. ಅಂಗಿ ಕಪ್ಪಾದರೂ ಬಿಳಿ ಹೊಲಿಗೆ ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣ ತರುವ ಮೊದಲೇ ಕಾಲರು, ಜೇಬಿನ ಅಂಚು ನೋಡಿಕೊಳ್ಳಿ. ಅದು ಕಣ್ಣಿಗೆ ಕುಕ್ಕುತ್ತದೆ ಅನ್ನಿಸಿದರೆ ಆ ಅಂಗಿಗೆ ಬಣ್ಣ ಹಾಕಬೇಡಿ, ಕಸೂತಿಯದೊಂದು ಹೂವು ಹೊಲಿದು ಕಲೆ ಮುಚ್ಚಿ.