ಟರ್ಮಿನಲ್‌ನಲ್ಲಿ ಕಾಪಿ-ಪೇಸ್ಟ್: ನನ್ನ ಅನುಭವ

ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ದೊಡ್ಡದೊಂದು ಫೈಲ್ ವರ್ಗಾವಣೆ ನಡೆಯುತ್ತಿದ್ದಾಗ, ಪರದೆಯ ಮೇಲಿದ್ದ ಒಂದು ಸಾಲನ್ನು ಕಾಪಿ ಮಾಡಿಕೊಳ್ಳಲೆಂದು ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿದೆ. ಸಾಲು ಕಾಪಿಯಾಗಲಿಲ್ಲ, ವರ್ಗಾವಣೆಯೇ ನಿಂತುಹೋಯಿತು. ಟರ್ಮಿನಲ್‌ನಲ್ಲಿ ಈ ಜೋಡಿಯು ಚಾಲನೆಯಲ್ಲಿರುವ ಪ್ರೋಗ್ರಾಮನ್ನು ನಿಲ್ಲಿಸುವ ಸಂಕೇತವಾಗಿರುವುದರಿಂದ, ಕಾಪಿಗೂ ಪೇಸ್ಟ್‌ಗೂ ಶಿಫ್ಟ್ ಕೀಲಿಯನ್ನು ಸೇರಿಸಿ, ಕಂಟ್ರೋಲ್-ಶಿಫ್ಟ್-ಸಿ ಮತ್ತು ಕಂಟ್ರೋಲ್-ಶಿಫ್ಟ್-ವಿ ಎಂದು ಬಳಸಬೇಕೆಂಬುದು ಆಮೇಲೆ ತಿಳಿಯಿತು. ಆದರೆ ಅದೇ ಕೈಚಳಕವನ್ನು ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ತೋರಿಸಿದರೆ ಕಾಪಿಯ ಬದಲು ಪುಟದ ಒಳರಚನೆಯನ್ನು ತೋರಿಸುವ ಪರಿಕರ ತೆರೆದುಕೊಳ್ಳುತ್ತದೆ. ಇದು ಇಂದಿಗೂ ನನ್ನನ್ನು ರೇಗಿಸುತ್ತದೆ. ಹಾಗಾಗಿ ಈಗ ಮೌಸ್‌ನಿಂದ ಪಠ್ಯವನ್ನು ಆಯ್ದು, ಬೇಕಾದಲ್ಲಿ ಮೌಸ್‌ನ ನಡುಗುಂಡಿಯನ್ನು ಒತ್ತಿ ಪೇಸ್ಟ್ ಮಾಡುತ್ತೇನೆ. ಹೀಗೆ ಆಯ್ದ ಪಠ್ಯವು, ಕಾಪಿ ಮಾಡಿದ್ದನ್ನು ಹಿಡಿದಿಡುವ ಕ್ಲಿಪ್‌ಬೋರ್ಡ್‌ನಿಂದ ಪ್ರತ್ಯೇಕವಾಗಿರುವುದರಿಂದ, ಅಲ್ಲಿ ಮೊದಲೇ ಕಾಪಿ ಮಾಡಿಟ್ಟದ್ದು ಅಳಿಯುವುದಿಲ್ಲ.